ಮೂರು ಕೊರಳಿನ 'ನಾವು': ದಿ ಇಂಪ್ರೆಶನ್ಸ್ ಮತ್ತು ಅರವತ್ತರ ದಶಕ

1958ರಲ್ಲಿ ಶಿಕಾಗೋ ನಗರದ ಐವರು ಹುಡುಗರ ಮೊದಲ ದೊಡ್ಡ ಹಾಡು ಹೊರಬಂತು. 'ಫಾರ್ ಯುವರ್ ಪ್ರೆಷಸ್ ಲವ್' ಎಂಬ ಪ್ರೇಮಗೀತೆ. ಗುಂಪಿನ ಹೆಸರು ದಿ ಇಂಪ್ರೆಶನ್ಸ್. ಆದರೆ ತಟ್ಟೆಯ ನಡುವೆ ಅಂಟಿಸಿದ್ದ ದುಂಡನೆಯ ಚೀಟಿಯಲ್ಲಿ ಕಂಪನಿ ಅಚ್ಚು ಹಾಕಿಸಿದ್ದು 'ಜೆರ್ರಿ ಬಟ್ಲರ್ ಮತ್ತು ದಿ ಇಂಪ್ರೆಶನ್ಸ್' ಎಂದು. ಹಾಡು ಅಮೆರಿಕದ ಪಾಪ್ ಪಟ್ಟಿಯಲ್ಲಿ 11ನೇ ಸ್ಥಾನದವರೆಗೆ ಏರಿತು. ಆದರೆ ಸಮಾನರಾಗಿ ಕೂಡಿದ್ದ ಐವರಲ್ಲಿ ಒಬ್ಬನ ಹೆಸರು ಮುಂದಕ್ಕೆ ಬಂದು, ಉಳಿದ ನಾಲ್ವರು 'ಮತ್ತು' ಎಂಬ ಪದದ ಹಿಂದೆ ಸರಿದಿದ್ದರು. ಆ ಇರಿಸುಮುರಿಸು ಬಹಳ ದಿನ ತಡೆಯಲಿಲ್ಲ. ಅದೇ ವರ್ಷ ಬಟ್ಲರ್ ಗುಂಪು ಬಿಟ್ಟು ಒಂಟಿ ಗಾಯಕನಾದ.

ಸೋಲ್ ಸಂಗೀತದ ಚರಿತ್ರೆಯಲ್ಲಿ ಇಂಥ ಜಗಳಗಳು ಎಷ್ಟೋ. ಈ ಜಗಳ ಗಮನಾರ್ಹವಾಗುವುದು ಅದರ ಮುಂದಿನ ಕಥೆಯಿಂದ. ಉಳಿದವರು ಮತ್ತೆ ಕೂಡಿ, ಯಾರೊಬ್ಬರ ದನಿಯೂ ಉಳಿದವರನ್ನು ಹಿಂದಕ್ಕೆ ತಳ್ಳದ ಹಾಗೆ ಹಾಡುವ ಒಂದು ಬಗೆಯನ್ನು ಕಂಡುಕೊಂಡರು. ಅದೇ ಬಗೆ ಐದಾರು ವರ್ಷಗಳಲ್ಲಿ ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿಗೆ ಹೇಳಿ ಮಾಡಿಸಿದಂತೆ ಒದಗಿತು. ಇಂಪ್ರೆಶನ್ಸ್ ಗುಂಪಿನ ರಾಜಕೀಯವನ್ನು ಅವರ ಸಾಹಿತ್ಯದಲ್ಲಿ ಹುಡುಕುವವರು ಬಹಳ. ಅದರ ಅರ್ಧ ಪಾಲಾದರೂ ಇರುವುದು ಮೂವರು ಕೂಡಿ ಹಾಡಿದ ರೀತಿಯಲ್ಲಿ ಎಂಬುದು ಈ ಬರಹದ ವಾದ.

*

ಈ ಹುಡುಗರು ಕೂಡಿದ ದಾರಿಯೇ ಒಂದು ಸಾಮಾಜಿಕ ಚರಿತ್ರೆ. ಸ್ಯಾಮ್ ಗುಡೆನ್, ಫ್ರೆಡ್ ಕ್ಯಾಷ್, ರಿಚರ್ಡ್ ಬ್ರೂಕ್ಸ್ ಮತ್ತು ಆರ್ಥರ್ ಬ್ರೂಕ್ಸ್ ದಕ್ಷಿಣದ ಟೆನೆಸ್ಸೀ ರಾಜ್ಯದ ಚಾಟನೂಗ ಎಂಬ ಊರಿನವರು. ಅಲ್ಲಿ 'ರೂಸ್ಟರ್ಸ್', ಅಂದರೆ ಹುಂಜಗಳು, ಎಂಬ ಹೆಸರಿನಲ್ಲಿ ಹಾಡುತ್ತಿದ್ದರು. ಐವತ್ತರ ದಶಕದ ಕೊನೆಯಲ್ಲಿ ಗುಡೆನ್ ಮತ್ತು ಬ್ರೂಕ್ಸ್ ಸೋದರರು ಶಿಕಾಗೋಕ್ಕೆ ಬಂದರು. ಕ್ಯಾಷ್ ಆಗ ಊರಲ್ಲೇ ಉಳಿದ. ಅವರು ಬಂದ ಹಾದಿ ಹೊಸದಲ್ಲ. 1910ರಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣದ ಹತ್ತಿ ಹೊಲಗಳನ್ನೂ ಅಲ್ಲಿನ ವರ್ಣಭೇದದ ಕಾನೂನುಗಳನ್ನೂ ಹಿಂದೆ ಬಿಟ್ಟು ಉತ್ತರದ, ಪಶ್ಚಿಮದ ಕೈಗಾರಿಕಾ ನಗರಗಳಿಗೆ ವಲಸೆ ಹೋದರು. ಚರಿತ್ರೆಕಾರರು ಇದನ್ನು ಮಹಾವಲಸೆ ಎನ್ನುತ್ತಾರೆ. ಮಿಸಿಸಿಪ್ಪಿ ಕಡೆಯಿಂದ ಶಿಕಾಗೋಕ್ಕೆ ಬಂದವರಲ್ಲಿ ಬಹಳ ಮಂದಿಯನ್ನು ಕರೆತಂದದ್ದು ಇಲಿನಾಯ್ ಸೆಂಟ್ರಲ್ ರೈಲು. ಈ ರೈಲನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಅದು ಹಾಡಿನೊಳಗೆ ಬರುತ್ತದೆ.

ಶಿಕಾಗೋದಲ್ಲಿ ಅವರಿಗೆ ಜೊತೆಯಾದ ಇಬ್ಬರು ಜೆರ್ರಿ ಬಟ್ಲರ್ ಮತ್ತು ಕರ್ಟಿಸ್ ಮೇಫೀಲ್ಡ್. ಇವರಿಬ್ಬರ ಸ್ನೇಹ ಬೆಳೆದದ್ದು ಚರ್ಚಿನಲ್ಲಿ. ಮೇಫೀಲ್ಡ್‌ನ ಅಜ್ಜಿ ಆನಿ ಬೆಲ್ ಮೇಫೀಲ್ಡ್ ಅಲ್ಲಿ ಬೋಧಕಿ. ಹುಡುಗರು ಗಾಸ್ಪೆಲ್ ಗುಂಪೊಂದರಲ್ಲಿ ಹಾಡುತ್ತಿದ್ದರು. 1942ರಲ್ಲಿ ಹುಟ್ಟಿದ ಮೇಫೀಲ್ಡ್ ಬಡತನದಲ್ಲಿ ಬೆಳೆದವನು. ಅವನ ಮನೆಯವರು ನಂತರ ಕ್ಯಾಬ್ರಿನಿ-ಗ್ರೀನ್ ಎಂಬ ಸರ್ಕಾರಿ ವಸತಿ ಸಂಕೀರ್ಣಕ್ಕೆ ಬಂದರು. ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟ. ಮೊದಲ ಹಾಡು ಹೊರಬಂದಾಗ ಅವನಿಗೆ ಇನ್ನೂ ಹದಿನಾರರ ಆಸುಪಾಸು.

ಗಾಸ್ಪೆಲ್ ಎಂದರೆ ಕಪ್ಪು ಜನರ ಚರ್ಚುಗಳಲ್ಲಿ ಬೆಳೆದ ಭಕ್ತಿಸಂಗೀತ. ಒಬ್ಬರು ಹೇಳುವುದು, ನೆರೆದವರು ಅದಕ್ಕೆ ದನಿಗೂಡಿಸುವುದು ಅದರ ಕ್ರಮ. ನಮ್ಮ ಸೋಬಾನೆ ಪದಗಳಲ್ಲಿ ಒಬ್ಬಾಕೆ ಹೇಳಿ ಉಳಿದವರು ಸೊಲ್ಲು ಹಿಡಿಯುವುದನ್ನು ಕೇಳಿದವರಿಗೆ ಈ ಕ್ರಮ ಅಪರಿಚಿತವೇನಲ್ಲ. ಬೇರೆಯಾಗುವುದು ಒಂದು ಕಡೆ. ನಮ್ಮಲ್ಲಿ ಸೊಲ್ಲು ಹಿಡಿಯುವವರೆಲ್ಲ ಸಾಮಾನ್ಯವಾಗಿ ಒಂದೇ ಸ್ವರದಲ್ಲಿ ಹಾಡುತ್ತಾರೆ. ಗಾಸ್ಪೆಲ್‌ನಲ್ಲಿ ಒಬ್ಬರು ಷಡ್ಜದಲ್ಲಿದ್ದರೆ ಇನ್ನೊಬ್ಬರು ಗಾಂಧಾರದಲ್ಲಿ, ಮತ್ತೊಬ್ಬರು ಪಂಚಮದಲ್ಲಿ ಏಕಕಾಲಕ್ಕೆ ನಿಲ್ಲುತ್ತಾರೆ. ಕೇಳುವವರಿಗೆ ಮೂರು ಬೇರೆ ಬೇರೆ ದನಿಗಳೂ ಗೊತ್ತಾಗುತ್ತವೆ, ಮೂರೂ ಕೂಡಿ ಹುಟ್ಟಿದ ನಾಲ್ಕನೆಯದೊಂದು ತುಂಬುದನಿಯೂ ಗೊತ್ತಾಗುತ್ತದೆ. ಸ್ವರಮೇಳ ಎಂದರೆ ಇದು. ಈ ಭಕ್ತಿಸಂಗೀತದ ಹಾಡುಗಾರಿಕೆಯನ್ನು ಲೌಕಿಕ ವಸ್ತುಗಳಿಗೆ, ಮುಖ್ಯವಾಗಿ ಪ್ರೇಮಕ್ಕೆ, ತಿರುಗಿಸಿಕೊಂಡಾಗ ಸೋಲ್ ಸಂಗೀತ ಹುಟ್ಟಿತು.

*

ಬಟ್ಲರ್ ಹೋದ ಮೇಲೆ ಊರಿನಲ್ಲಿದ್ದ ಫ್ರೆಡ್ ಕ್ಯಾಷ್ ಬಂದು ಗುಂಪು ಸೇರಿದ. ಆದರೆ ಹೆಸರಾಂತ ಗಾಯಕನಿಲ್ಲದ ಗುಂಪನ್ನು ಕೇಳುವವರಿರಲಿಲ್ಲ. ಮೇಫೀಲ್ಡ್ ಗುಂಪು ಒಡೆದ ಗೆಳೆಯನ ಮೇಲೆ ಮುನಿಸಿಕೊಂಡು ಕೂರಲಿಲ್ಲ. ಬಟ್ಲರ್‌ನ ಕಛೇರಿಗಳಿಗೆ ಗಿಟಾರ್ ನುಡಿಸಿದ, ಅವನಿಗೆ ಹಾಡು ಬರೆದುಕೊಟ್ಟ. 1960ರ 'ಹಿ ವಿಲ್ ಬ್ರೇಕ್ ಯುವರ್ ಹಾರ್ಟ್' ಹಾಗೆ ಹುಟ್ಟಿದ ಹಾಡು. ಕೈಗೆ ಬಂದ ದುಡ್ಡಿನಲ್ಲಿ ತನ್ನ ಗುಂಪನ್ನು ಮತ್ತೆ ಕಟ್ಟಿದ. 1961ರಲ್ಲಿ ಎಬಿಸಿ-ಪ್ಯಾರಮೌಂಟ್ ಕಂಪನಿಗೆ ಹಾಡಿದ 'ಜಿಪ್ಸಿ ವುಮನ್' ಗೆದ್ದಿತು. ಮರುವರ್ಷ ಬ್ರೂಕ್ಸ್ ಸೋದರರೂ ಬಿಟ್ಟುಹೋದರು. ಉಳಿದವರು ಮೇಫೀಲ್ಡ್, ಗುಡೆನ್, ಕ್ಯಾಷ್, ಮೂವರೇ.

ಐವರು ಮೂವರಾದದ್ದು ನಷ್ಟದಂತೆ ಕಂಡರೂ ಅವರ ಶೈಲಿ ರೂಪುಗೊಂಡದ್ದು ಈ ಇಕ್ಕಟ್ಟಿನಿಂದಲೇ. ಐವರಿದ್ದಾಗ ಒಬ್ಬ ಮುಂದೆ ನಿಂತು ನಾಲ್ವರು ಹಿಮ್ಮೇಳವಾಗಬಹುದು. ಮೂವರಲ್ಲಿ ಹಾಗೆ ಮಾಡಿದರೆ ಹಿಮ್ಮೇಳ ತೆಳುವಾಗುತ್ತದೆ. ಹಾಗಾಗಿ ಅವರು ಗಾಸ್ಪೆಲ್ ಗುಂಪುಗಳ ಹಳೆಯ ಉಪಾಯವೊಂದನ್ನು ಎತ್ತಿಕೊಂಡರು. ಮುಂದಾಳಿನ ದನಿ ಒಬ್ಬನಲ್ಲೇ ನಿಲ್ಲದೆ ಕೈಯಿಂದ ಕೈಗೆ ದಾಟುತ್ತ ಹೋಗುತ್ತದೆ. ಮೇಫೀಲ್ಡ್ ಒಂದು ಸಾಲು ಎತ್ತುತ್ತಾನೆ, ಮುಂದಿನದನ್ನು ಗುಡೆನ್‌ನ ಮಂದ್ರದ ದನಿ ಹಿಡಿಯುತ್ತದೆ, ಇನ್ನೊಂದನ್ನು ಕ್ಯಾಷ್, ಸಾಲಿನ ತುದಿಗೆ ಮೂವರೂ ಕೂಡುತ್ತಾರೆ. 1963ರ 'ಇಟ್ಸ್ ಆಲ್ ರೈಟ್' ಕೇಳಿದರೆ ಇದು ಸ್ಪಷ್ಟ. ಈ ಹಾಡು ಪಾಪ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೂ, ಕಪ್ಪು ಕೇಳುಗರ ಸಂಗೀತಕ್ಕಿದ್ದ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಹೋಯಿತು.

ಮೇಫೀಲ್ಡ್‌ನ ದನಿಯೂ ಇದಕ್ಕೆ ಹೊಂದುವಂಥದ್ದು. ಅದು ಎದೆಯಿಂದ ಬರುವ ಗಟ್ಟಿ ದನಿಯಲ್ಲ. ಮೆಲ್ಲಗಿನ, ತಾರಸ್ಥಾಯಿಯ ದನಿ. ನಮ್ಮ ಸಂಗೀತದ ಮೇಷ್ಟರು ಅದನ್ನು 'ಕಳ್ಳದನಿ' ಎಂದು ಗದರಿಯಾರು. ಜೇಮ್ಸ್ ಬ್ರೌನ್ ಅಥವಾ ಓಟಿಸ್ ರೆಡ್ಡಿಂಗ್ ಕೂಗಿ ಕರೆದು ಕೇಳುಗರನ್ನು ಹಿಡಿದರೆ, ಮೇಫೀಲ್ಡ್ ಪಕ್ಕದಲ್ಲಿ ಕೂತು ಹೇಳಿದಂತೆ ಹಾಡುತ್ತಾನೆ. ಗಿಟಾರ್ ಕೂಡ ಹಾಗೆಯೇ. ಯಾರಿಂದಲೂ ಪಾಠ ಹೇಳಿಸಿಕೊಳ್ಳದ ಅವನು ಪಿಯಾನೋದ ಕಪ್ಪು ಮನೆಗಳ ಸ್ವರಗಳಿಗೆ ತಕ್ಕಂತೆ ತಂತಿಗಳನ್ನು ಶ್ರುತಿ ಮಾಡಿಕೊಂಡ. ಹಾರ್ಮೋನಿಯಂ ಬಲ್ಲವರು ಕಪ್ಪು ಮೂರನ್ನು ಷಡ್ಜವಾಗಿಟ್ಟುಕೊಂಡು ಬರಿಯ ಕಪ್ಪು ಮನೆಗಳನ್ನೇ ಒತ್ತಿ ನೋಡಬಹುದು: ಮೋಹನದ ಐದು ಸ್ವರಗಳು ಸಿಗುತ್ತವೆ. ಮೇಫೀಲ್ಡ್‌ನ ಗಿಟಾರಿನಲ್ಲಿ ತಂತಿಗಳನ್ನು ಸುಮ್ಮನೆ ಮೀಟಿದರೂ ಒಂದು ಮೇಳ ಹೊರಡುತ್ತಿತ್ತು. ಬೇರೆಯವರು ಅದನ್ನೆತ್ತಿಕೊಂಡು ನುಡಿಸಲು ಹೋದರೆ ಬೆರಳು ತಡವರಿಸುತ್ತಿತ್ತು.

*

1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ನಾಗರಿಕ ಹಕ್ಕುಗಳಿಗಾಗಿ ಮೆರವಣಿಗೆ ನಡೆಸಿದರು. ಮೂರು ವಾರ ಕಳೆಯುವುದರೊಳಗೆ, ಸೆಪ್ಟೆಂಬರ್ 15ರಂದು, ಬರ್ಮಿಂಗ್‌ಹ್ಯಾಮ್‌ನ ಚರ್ಚೊಂದರಲ್ಲಿ ಬಿಳಿಯ ಜನಾಂಗವಾದಿಗಳು ಇಟ್ಟ ಬಾಂಬಿಗೆ ನಾಲ್ವರು ಹೆಣ್ಣುಮಕ್ಕಳು ಸತ್ತರು. ಇಂಪ್ರೆಶನ್ಸ್‌ನ ಹಾಡುಗಳು ಪ್ರೇಮದಿಂದ ಹೊರಳಿದ್ದು ಈ ಹೊತ್ತಿನಲ್ಲಿ.

1964ರ 'ಕೀಪ್ ಆನ್ ಪುಷಿಂಗ್' ಮೊದಲ ಹೆಜ್ಜೆ. ಮುಂದೆ ಕಲ್ಲಿನ ಗೋಡೆ ಬಂದರೂ ಹೆಜ್ಜೆ ನಿಲ್ಲಿಸಲಾರೆ ಎಂಬುದು ಅದರ ಭಾವ. ಅದರ ನಡೆ, ದನಿಗೂಡಿಸುವಿಕೆ ಎಲ್ಲ ಗಾಸ್ಪೆಲ್ಲಿನವೇ. ದೇವರ ಹೆಸರನ್ನು ಮಾತ್ರ ಪಕ್ಕಕ್ಕಿಟ್ಟಿತ್ತು. ಅದರ ಪದಗಳಲ್ಲಿ ಇರುವುದು 'ನಾನು'. ಆದರೆ ಆ 'ನಾನು' ಒಂದು ಕೊರಳಿನಿಂದ ಇನ್ನೊಂದಕ್ಕೆ ದಾಟಿ ಮೂರರಲ್ಲೂ ಕೂಡುತ್ತದೆ. ಮೂವರು ಸರದಿಯಲ್ಲಿ 'ನಾನು' ಎಂದಾಗ ಅದು ಯಾರೊಬ್ಬರ ಸ್ವಂತದ್ದಾಗಿಯೂ ಉಳಿಯುವುದಿಲ್ಲ. ಕೇಳುವವನು ನಾಲ್ಕನೆಯವನಾಗಿ ಸೇರಿಕೊಳ್ಳಲು ಅಲ್ಲಿ ಜಾಗವಿದೆ. ಚಳವಳಿಯಲ್ಲಿದ್ದವರು ಈ ಹಾಡನ್ನು ತಮ್ಮದು ಮಾಡಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಇದು ಎಷ್ಟು ದೂರ ತಲುಪಿತೆಂದರೆ, 1965ರ ಬಾಬ್ ಡಿಲನ್‌ನ 'ಬ್ರಿಂಗಿಂಗ್ ಇಟ್ ಆಲ್ ಬ್ಯಾಕ್ ಹೋಮ್' ಆಲ್ಬಮ್ಮಿನ ಮುಖಪುಟದ ಚಿತ್ರದಲ್ಲಿ ಅವನ ಸುತ್ತ ಹರಡಿದ ವಸ್ತುಗಳ ನಡುವೆ ಈ ಹೆಸರಿನ ಆಲ್ಬಮ್ಮೂ ಕಾಣುತ್ತದೆ.

1965ರಲ್ಲಿ 'ಪೀಪಲ್ ಗೆಟ್ ರೆಡಿ' ಬಂತು. ರೈಲೊಂದು ಬರುತ್ತಿದೆ, ಸಿದ್ಧರಾಗಿ ಎಂದು ಹಾಡು ಜನರನ್ನು ಕರೆಯುತ್ತದೆ. ಹತ್ತಲು ಸಾಮಾನು ಬೇಡ, ನಂಬಿಕೆಯೊಂದಿದ್ದರೆ ಸಾಕು. ತನ್ನ ಲಾಭಕ್ಕಾಗಿ ಇಡೀ ಮನುಷ್ಯಕುಲವನ್ನು ನೋಯಿಸುವವನಿಗೆ ಮಾತ್ರ ಅದರಲ್ಲಿ ಎಡೆಯಿಲ್ಲ. ಮೇಲ್ನೋಟಕ್ಕೆ ಇದು ಭಾನುವಾರದ ಚರ್ಚಿನಲ್ಲಿ ಕೇಳಿಬರುವ ಮುಕ್ತಿಯ ರೈಲು. ಗುಲಾಮಗಿರಿಯ ಕಾಲದ ಭಕ್ತಿಗೀತೆಗಳಲ್ಲೇ ಈ ರೈಲಿತ್ತು. ಗುಲಾಮರನ್ನು ಗುಟ್ಟಾಗಿ ಉತ್ತರಕ್ಕೆ ದಾಟಿಸುತ್ತಿದ್ದ ಮನೆಗಳ, ಮನುಷ್ಯರ ಸರಪಳಿಯನ್ನು ಆಗಿನವರು 'ನೆಲದಡಿಯ ರೈಲುದಾರಿ' ಎಂದೇ ಕರೆಯುತ್ತಿದ್ದರು. ಮಹಾವಲಸೆಯ ಮಕ್ಕಳಿಗೆ ಅಪ್ಪ-ಅಮ್ಮ ಹತ್ತಿ ಬಂದ ನಿಜವಾದ ರೈಲೂ ಗೊತ್ತಿತ್ತು.

ರೈಲಿಗೆ ಇನ್ನೊಂದು ನೆನಪೂ ಅಂಟಿಕೊಂಡಿದೆ. 1892ರ ಜೂನ್ 7ರಂದು ಲೂಯಿಸಿಯಾನದಲ್ಲಿ ಹೋಮರ್ ಪ್ಲೆಸ್ಸಿ ಎಂಬವನು ಬಿಳಿಯರಿಗೆ ಮೀಸಲಾದ ಬೋಗಿಯಲ್ಲಿ ಕೂತು ಬಂಧನಕ್ಕೊಳಗಾದ. ಆಗಿನ ವರ್ಣಭೇದದ ಕಾನೂನನ್ನು ಪ್ರಶ್ನಿಸಲೆಂದೇ ಅವನು ಅಲ್ಲಿ ಕೂತಿದ್ದ. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವನ ವಿರುದ್ಧ ತೀರ್ಪು ಕೊಟ್ಟು, ಬೇರೆ ಬೇರೆ ಕೂರಿಸುವುದು ಕಾನೂನುಬದ್ಧ ಎಂದಿತು. ಪ್ಲೆಸ್ಸಿಯ ಬಂಧನವಾಗಿ ಸರಿಯಾಗಿ ಒಂದು ವರ್ಷಕ್ಕೆ ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಗಾಂಧಿಯನ್ನು ಬೋಗಿಯಿಂದ ದೂಡಲಾಯಿತು. ಯಾರು ಯಾವ ಬೋಗಿಯಲ್ಲಿ ಕೂರಬೇಕು ಎಂಬುದನ್ನು ಮೈಬಣ್ಣ ನೋಡಿ ತೀರ್ಮಾನಿಸಿದ ನಾಡಿನಲ್ಲಿ, ಎಲ್ಲರೂ ಹತ್ತಬಹುದಾದ, ಟಿಕೇಟಿನ ಹಂಗಿಲ್ಲದ ರೈಲಿನ ಮಾತಾಡುವುದು ಬರಿಯ ಭಕ್ತಿಯಾಗಿ ಹೇಗೆ ಉಳಿದೀತು?

ಆದರೂ ಹಾಡು ಎಲ್ಲೂ ದನಿ ಏರಿಸುವುದಿಲ್ಲ. ಜಾನಿ ಪೇಟ್ ಸಂಯೋಜಿಸಿದ ತಂತಿವಾದ್ಯಗಳ ಮೇಲೆ ಮೇಫೀಲ್ಡ್‌ನ ದನಿ ಎದ್ದು ನಿಂತು, ಗುಡೆನ್ ಮತ್ತು ಕ್ಯಾಷ್‌ಗೆ ಜಾಗ ಕೊಟ್ಟು, ಮತ್ತೆ ಬರುತ್ತದೆ. ಪಾಪ್ ಪಟ್ಟಿಯಲ್ಲಿ ಇದು ತಲುಪಿದ್ದು 14ನೇ ಸ್ಥಾನಕ್ಕೆ. ಬಿಳಿಯರ ರೇಡಿಯೋ ಕೇಂದ್ರಗಳಿಗೂ ಇದರಿಂದ ತೊಂದರೆಯಾಗಲಿಲ್ಲ. ಭಕ್ತಿಗೀತೆಯೆಂದು ಕೇಳಿದವರಿಗೆ ಅದು ಭಕ್ತಿಗೀತೆಯೇ ಆಗಿತ್ತು. ಕಪ್ಪು ಕೇಳುಗರಿಗೆ ಒಳಗಿನ ರೈಲು ಕಾಣುತ್ತಿತ್ತು.

*

ಎರಡು ವರ್ಷ ಕಳೆದು ಬಂದ 'ವಿ ಆರ್ ಎ ವಿನರ್' ಈ ಹೊದಿಕೆಯನ್ನು ತೆಗೆದುಹಾಕಿತು. 1967ರ ಕೊನೆಗೆ ಹೊರಬಂದ ಈ ಹಾಡಿನ ಧ್ವನಿಮುದ್ರಣಕ್ಕೆ ಸ್ಟುಡಿಯೋದೊಳಗೆ ಜನರನ್ನೇ ಕರೆದು ಕೂರಿಸಿದ್ದರು. ಅವರ ಚಪ್ಪಾಳೆ, ಕೂಗು ಹಾಡಿನ ಭಾಗವಾದವು. ಇಲ್ಲಿ 'ನಾನು' ಹೋಗಿ 'ನಾವು' ಬಂದಿದೆ. ನಾವು ಗೆದ್ದವರು, ಅಳು ಮುಗಿಯಿತು, ಮುಂದೆ ನಡೆಯೋಣ ಎಂಬ ಧಾಟಿ. ಯಾವಾಗಲೋ ಬರಲಿರುವ ರೈಲಿನ ಮಾತಿಲ್ಲ, ಎಲ್ಲ ಈಗಿನ ಮಾತು.

ರೇಡಿಯೋ ಕೇಂದ್ರಗಳ ತಕರಾರು ಶುರುವಾದದ್ದು ಇಲ್ಲಿಂದ. ಅವರ ಸ್ವಂತ ಊರಾದ ಶಿಕಾಗೋದ ದೊಡ್ಡ ಪಾಪ್ ಕೇಂದ್ರ ಡಬ್ಲ್ಯುಎಲ್‌ಎಸ್ ಸೇರಿ ಕೆಲವು ಕೇಂದ್ರಗಳು ಹಾಡನ್ನು ಪ್ರಸಾರ ಮಾಡಲಿಲ್ಲ. ಹಾಡಿನಲ್ಲಿ ಯಾರ ಮೇಲೂ ಬೈಗುಳವಿಲ್ಲ, ಆಯುಧದ ಮಾತಿಲ್ಲ, ಮೇಫೀಲ್ಡ್‌ನ ದನಿ ಮೊದಲಿನಷ್ಟೇ ಮೆಲ್ಲಗಿದೆ. ಕಪ್ಪು ಜನ ಕಷ್ಟದಲ್ಲಿದ್ದಾರೆ, ದೇವರು ಒಳ್ಳೆಯ ದಿನ ತರುತ್ತಾನೆ ಎಂದು ಹಾಡಿದಾಗ ಒಪ್ಪಿದ್ದವರು, ಒಳ್ಳೆಯ ದಿನವನ್ನು ನಾವೇ ತಂದುಕೊಂಡಿದ್ದೇವೆ ಎಂದಾಗ ಬಾಗಿಲು ಹಾಕಿದರು. ಒಂದು ಸಮಾಜ ಇನ್ನೊಬ್ಬರ ದುಃಖವನ್ನು ಎಷ್ಟು ಸಲೀಸಾಗಿ ಕೇಳಬಲ್ಲದು, ಅವರ ಆತ್ಮವಿಶ್ವಾಸವನ್ನು ಕೇಳಲು ಎಷ್ಟು ತಿಣುಕುತ್ತದೆ ಎಂಬುದಕ್ಕೆ ಈ ಎರಡು ಹಾಡುಗಳು ಪಡೆದ ಬೇರೆ ಬೇರೆ ಸ್ವಾಗತವೇ ಸಾಕ್ಷಿ. ತಡೆದರೂ ಹಾಡು ನಿಲ್ಲಲಿಲ್ಲ. 1968ರಲ್ಲಿ ರಿದಮ್ ಅಂಡ್ ಬ್ಲೂಸ್ ಪಟ್ಟಿಯ ಮೊದಲ ಸ್ಥಾನದಲ್ಲಿ ಅದಿತ್ತು.

ಅದೇ ವರ್ಷ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಶಿಕಾಗೋದ ಪಶ್ಚಿಮ ಭಾಗ ಹೊತ್ತಿ ಉರಿಯಿತು. ಅದೇ ವರ್ಷ ಇಂಪ್ರೆಶನ್ಸ್ ಎಬಿಸಿ ಕಂಪನಿಯನ್ನು ಬಿಟ್ಟು ತಮ್ಮದೇ ಲೇಬಲ್ಲಿಗೆ ಬಂದರು. ಅದರ ಹೆಸರು ಕರ್ಟಮ್. ಕರ್ಟಿಸ್‌ನ ಹೆಸರಿನ ತಲೆಗೆ ಅವರ ವ್ಯವಸ್ಥಾಪಕ ಎಡ್ಡಿ ಥಾಮಸ್‌ನ ಹೆಸರಿನ ತುಣುಕು ಸೇರಿ ಆದ ಹೆಸರು. ಹಾಡು ಬರೆದವನಿಗೆ ಅಷ್ಟಿಷ್ಟು ಕೊಟ್ಟು ಹಕ್ಕನ್ನು ಕಂಪನಿಗಳು ಕಸಿದುಕೊಳ್ಳುವುದು ಆ ಉದ್ಯಮದಲ್ಲಿ ಮಾಮೂಲಿಯಾಗಿತ್ತು. ಕಪ್ಪು ಸಂಗೀತಗಾರರ ಪಾಲಿಗಂತೂ ಅದು ನಿಯಮವೇ. ಮೇಫೀಲ್ಡ್ ಇಪ್ಪತ್ತು ದಾಟುವ ಮೊದಲೇ ತನ್ನ ಹಾಡುಗಳ ಹಕ್ಕನ್ನು ಕಾಯಲು ಸ್ವಂತ ಪ್ರಕಾಶನ ಸಂಸ್ಥೆ ಮಾಡಿಕೊಂಡಿದ್ದ. ಈಗ ಧ್ವನಿಮುದ್ರಣವೂ ಸ್ವಂತದ್ದಾಯಿತು. 1958ರಲ್ಲಿ ಚೀಟಿಯ ಮೇಲೆ ಯಾರ ಹೆಸರು ಎಲ್ಲಿ ಬರಬೇಕೆಂದು ತೀರ್ಮಾನಿಸಿದವರು ಬೇರೆಯವರು. ಹತ್ತು ವರ್ಷಕ್ಕೆ ಚೀಟಿ ಅಚ್ಚು ಹಾಕಿಸುವವರು ಇವರೇ ಆದರು. 'ನಾವು ಗೆದ್ದವರು' ಎಂಬುದನ್ನು ಈ ಲೆಕ್ಕದ ಪುಸ್ತಕದೊಂದಿಗೂ ಇಟ್ಟು ಓದಬೇಕು.

ಕರ್ಟಮ್‌ನಿಂದ ಬಂದ 'ದಿಸ್ ಈಸ್ ಮೈ ಕಂಟ್ರಿ' ಮುನ್ನೂರು ವರ್ಷಗಳ ದಾಸ್ಯದ ಲೆಕ್ಕವನ್ನು ಮುಂದಿಟ್ಟು, ಈ ದೇಶ ನನ್ನದೂ ಹೌದು ಎನ್ನುತ್ತದೆ. 1969ರ 'ಚಾಯ್ಸ್ ಆಫ್ ಕಲರ್ಸ್' ಇನ್ನೂ ಕುತೂಹಲದ ಹಾಡು. ಬಣ್ಣವನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ಯಾವುದನ್ನು ಆರಿಸಿಕೊಳ್ಳುವಿರಿ ಎಂದು ಅದು ತನ್ನ ಸಹೋದರರನ್ನೇ ಕೇಳುತ್ತದೆ. ಬಿಳಿಯರ ದ್ವೇಷವನ್ನು ಪ್ರಶ್ನಿಸುವ ಜೊತೆಗೆ ಕಪ್ಪು ಜನರ ಮನಸ್ಸಿನೊಳಗೆ ಬೆಳೆದ ದ್ವೇಷವನ್ನೂ ಪ್ರಶ್ನಿಸುತ್ತದೆ. ಕಿಂಗ್ ಸತ್ತು, ಬ್ಲ್ಯಾಕ್ ಪವರ್ ಚಳವಳಿ ಗಟ್ಟಿಯಾಗಿದ್ದ ಆ ದಿನಗಳಲ್ಲಿ ಇದು ಕೆಲವರಿಗೆ ತೀರಾ ಮೆತ್ತಗೆ ಕಂಡಿರಬಹುದು. ಆದರೆ ಮೂವರು ಸರದಿಯಲ್ಲಿ ಹಾಡುವ ಶೈಲಿಗೆ ಸಂವಾದ ಸಹಜ. ಒಬ್ಬನ ಪ್ರಶ್ನೆಗೆ ಇನ್ನೊಬ್ಬನ ದನಿ ಸೇರಿದಾಗ ಕೇಳುವವನಿಗೆ ಅದು ಉಪದೇಶವೆನಿಸದೆ ಮನೆಯೊಳಗಿನ ಮಾತಿನಂತೆ ತಾಗುತ್ತದೆ.

*

1970ರಲ್ಲಿ ಮೇಫೀಲ್ಡ್ ಗುಂಪು ಬಿಟ್ಟ. ಹನ್ನೆರಡು ವರ್ಷಗಳ ಹಿಂದೆ ಬಟ್ಲರ್ ಹೋದಂತೆ ಜಗಳವಾಡಿ ಹೋಗಲಿಲ್ಲ. ಇಂಪ್ರೆಶನ್ಸ್ ಅವನದೇ ಲೇಬಲ್ಲಿನಲ್ಲಿ ಉಳಿದರು. ಅವನ ಜಾಗಕ್ಕೆ ಲೀರಾಯ್ ಹಟ್ಸನ್ ಬಂದ. ಹಟ್ಸನ್ ಹೋದ ಮೇಲೆ ಮತ್ತೆ ಹೊಸಬರು ಸೇರಿ, 1974ರಲ್ಲಿ 'ಫೈನಲಿ ಗಾಟ್ ಮೈಸೆಲ್ಫ್ ಟುಗೆದರ್' ರಿದಮ್ ಅಂಡ್ ಬ್ಲೂಸ್ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು. ಗುಡೆನ್ ಮತ್ತು ಕ್ಯಾಷ್ ದಶಕಗಳ ಕಾಲ ಆ ಹೆಸರನ್ನು ಹೊತ್ತು ನಡೆದರು. ಮೇಫೀಲ್ಡ್ 1972ರ 'ಸೂಪರ್ ಫ್ಲೈ' ಚಿತ್ರದ ಸಂಗೀತದಿಂದ ಒಂಟಿಯಾಗಿ ಇನ್ನೂ ದೊಡ್ಡ ಹೆಸರು ಮಾಡಿದ. ಮಾದಕ ವಸ್ತುಗಳಿಗೆ ಬಲಿಯಾಗುತ್ತಿದ್ದ ನಗರದ ಕಪ್ಪು ಬಡಾವಣೆಗಳ ಕಥೆ ಅದು. ಅದ್ಭುತವಾದ ಕೆಲಸ. ಆದರೆ ಅಲ್ಲಿನ ದನಿ ಬೀದಿಯನ್ನು ದೂರ ನಿಂತು ನೋಡುವ ಒಬ್ಬನದು. ಎಪ್ಪತ್ತರ ದಶಕದ ಅಮೆರಿಕದ ನಗರಗಳಲ್ಲಿ 'ನಾವು' ಎನ್ನುವುದು ಕಷ್ಟವಾಗಿತ್ತು ಎಂಬುದನ್ನೂ ಆ ಸಂಗೀತ ಹೇಳುತ್ತದೆ.

ಮೂರು ಕೊರಳಿನ 'ನಾವು' ಅಷ್ಟು ಹೊತ್ತಿಗೆ ಇನ್ನೊಂದು ನೆಲದಲ್ಲಿ ಬೇರು ಬಿಟ್ಟಿತ್ತು. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಅಮೆರಿಕದ ಸೋಲ್ ಹಾಡುಗಳನ್ನು ಕೇಳಿ ಬೆಳೆದ ಹುಡುಗರಿಗೆ ಇಂಪ್ರೆಶನ್ಸ್ ದೊಡ್ಡ ಮಾದರಿ. ಬಾಬ್ ಮಾರ್ಲೆ, ಪೀಟರ್ ಟಾಷ್, ಬನ್ನಿ ವೇಲರ್ ಕೂಡಿದ್ದ ವೇಲರ್ಸ್ ಗುಂಪು ಇವರ ಹಾಡುಗಳನ್ನು ಹಾಡಿಕೊಂಡೇ ಸ್ವರಮೇಳ ಕಲಿತಿತು. 1965ರಲ್ಲಿ ಅವರು ಮೊದಲ ಬಾರಿ ಮುದ್ರಿಸಿದ 'ಒನ್ ಲವ್' ಹಾಡಿನಲ್ಲಿ 'ಪೀಪಲ್ ಗೆಟ್ ರೆಡಿ'ಯ ಛಾಯೆಯಿದೆ. 1977ರ 'ಎಕ್ಸೋಡಸ್' ಆಲ್ಬಮ್ಮಿನಲ್ಲಿ ಅದು ಮತ್ತೆ ಬಂದಾಗ ಹಾಡಿನ ಹೆಸರಿನಲ್ಲೇ ಎರಡೂ ಜೊತೆಯಾದವು, ಮೇಫೀಲ್ಡ್‌ನ ಹೆಸರೂ ಸೇರಿತು. ಇಂದು ಜಗತ್ತಿನ ಎಷ್ಟೋ ಊರುಗಳಲ್ಲಿ 'ಒನ್ ಲವ್' ಹಾಡುವವರು ತಮಗೆ ಗೊತ್ತಿಲ್ಲದೆ ಶಿಕಾಗೋದ ಆ ರೈಲನ್ನೂ ಹಾಡುತ್ತಿರುತ್ತಾರೆ.

1990ರ ಆಗಸ್ಟ್ 13ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬಯಲು ಕಛೇರಿಯೊಂದರ ವೇದಿಕೆಗೆ ಮೇಫೀಲ್ಡ್ ಬರುತ್ತಿದ್ದಂತೆ ದೀಪಗಳ ಚೌಕಟ್ಟು ಅವನ ಮೇಲೆ ಕುಸಿಯಿತು. ಕತ್ತಿನಿಂದ ಕೆಳಗೆ ದೇಹ ಸ್ವಾಧೀನ ತಪ್ಪಿತು. ತನ್ನದೇ ಶ್ರುತಿಯ ಗಿಟಾರನ್ನು ಮತ್ತೆಂದೂ ಮುಟ್ಟಲಾಗಲಿಲ್ಲ. 1991ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಇಂಪ್ರೆಶನ್ಸ್‌ಗೆ ಗೌರವ ಸಲ್ಲಿಸಿತು. ಆ ಗೌರವದಲ್ಲಿ ಬಟ್ಲರ್ ಮತ್ತು ಬ್ರೂಕ್ಸ್ ಸೋದರರ ಹೆಸರೂ ಇತ್ತು. 1996ರಲ್ಲಿ ಮೇಫೀಲ್ಡ್ ಕೊನೆಯ ಆಲ್ಬಮ್ 'ನ್ಯೂ ವರ್ಲ್ಡ್ ಆರ್ಡರ್' ಹಾಡಿದ. ಕೂತರೆ ಉಸಿರು ಸಾಲುತ್ತಿರಲಿಲ್ಲ. ಹಾಗಾಗಿ ಅಂಗಾತ ಮಲಗಿ ಒಂದೊಂದೇ ಸಾಲು ಹಾಡಿ, ಅವುಗಳನ್ನು ಜೋಡಿಸಿ ಹಾಡು ಮಾಡಿದರು. 1999ರ ಡಿಸೆಂಬರ್ 26ರಂದು ಅವನು ತೀರಿಕೊಂಡ. ಗುಡೆನ್ 2022ರಲ್ಲಿ, ಬಟ್ಲರ್ 2025ರಲ್ಲಿ ಹೋದರು.

ಹೊಸದಾಗಿ ಕೇಳುವವರು 'ಇಟ್ಸ್ ಆಲ್ ರೈಟ್'ನಿಂದ ಶುರುಮಾಡಿ 'ಕೀಪ್ ಆನ್ ಪುಷಿಂಗ್', 'ಪೀಪಲ್ ಗೆಟ್ ರೆಡಿ', 'ವಿ ಆರ್ ಎ ವಿನರ್' ಈ ಕ್ರಮದಲ್ಲಿ ಕೇಳಬಹುದು. ಎಲ್ಲ ಸೇರಿ ಹತ್ತು-ಹನ್ನೆರಡು ನಿಮಿಷ. ಮೊದಲ ಸಲ ಮೇಫೀಲ್ಡ್‌ನ ದನಿಯೇ ಕೇಳುತ್ತದೆ. ಎರಡನೆಯ ಸಲ ಗುಡೆನ್‌ನ ಮಂದ್ರವನ್ನು ಮಾತ್ರ ಹಿಡಿದು ಹೋಗಿ. ಮೂರನೆಯ ಸಲ ಕ್ಯಾಷ್‌ನನ್ನು. ಒಂದು ಹಾಡು ಮುನ್ನಡೆಯುತ್ತಿರುವಾಗ ಅದನ್ನು ಯಾರು ನಡೆಸುತ್ತಿದ್ದಾರೆ ಎಂದು ಹೇಳಲಾಗದ ಕೆಲವು ಕ್ಷಣಗಳು ಅಲ್ಲಿ ಸಿಗುತ್ತವೆ.